ಐವತ್ತು ದೋಣಿಯ ಮೀನು, ನೂರು ದೋಣಿಯ ಖರ್ಚು

1980ರ ದಶಕದಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸುತ್ತಲಿನ ಮೀನು ಲೆಕ್ಕ ಹಾಕುತ್ತಿದ್ದ ವಿಜ್ಞಾನಿಗಳ ಮುಂದೆ ಎರಡು ಬಗೆಯ ಅಂಕಿಗಳು ಬಂದು ಕೂರುತ್ತಿದ್ದವು. ಒಂದು, ಸರ್ಕಾರದ ಸಂಶೋಧನಾ ಹಡಗು ತಂದದ್ದು. ಆ ಹಡಗು ನಕಾಶೆಯಲ್ಲಿ ಚೀಟಿ ಎತ್ತಿ ಆಯ್ದ ತಾಣಗಳಿಗೆ ಹೋಗಿ, ಅಲ್ಲಿ ಮೀನಿರಲಿ ಬಿಡಲಿ, ಗೊತ್ತುಮಾಡಿದಷ್ಟು ಹೊತ್ತು ಬಲೆ ಎಳೆದು, ಸಿಕ್ಕಿದ್ದನ್ನು ತೂಗಿ ಬರೆದುಕೊಳ್ಳುತ್ತಿತ್ತು. ಇನ್ನೊಂದು, ಮಾರಾಟಕ್ಕೆ ಮೀನು ಹಿಡಿಯುವ ದೊಡ್ಡ ಟ್ರಾಲರುಗಳ ದಿನಚರಿಯಿಂದ ಬಂದದ್ದು: ಒಂದು ಗಂಟೆ ಬಲೆ ಎಳೆದರೆ ಎಷ್ಟು ಕಾಡ್ ಮೀನು ಸಿಕ್ಕಿತು ಎಂಬ ಲೆಕ್ಕ. ಎರಡೂ ಒಂದೇ ಕಡಲಿನ ಒಂದೇ ಮೀನಿನ ಬಗ್ಗೆ. ಆದರೆ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಟ್ರಾಲರಿನ ಲೆಕ್ಕದ ಪ್ರಕಾರ ಮೀನು ಹೆಚ್ಚುತ್ತಿತ್ತು. ಸಂಶೋಧನಾ ಹಡಗಿನ ಲೆಕ್ಕ ಅಷ್ಟು ಧೈರ್ಯ ಕೊಡುತ್ತಿರಲಿಲ್ಲ. ಒಂದು ಹಂತದಲ್ಲಿ ಎರಡರ ನಡುವಿನ ಅಂಕಿಯನ್ನೇ ಹಿಡಿದು ಮುಂದಿನ ವರ್ಷ ಹಿಡಿಯಬಹುದಾದ ಮೀನಿನ ಮಿತಿಯನ್ನು ಲೆಕ್ಕ ಹಾಕಿದರು.

ಇಬ್ಬರು ಸಾಕ್ಷಿಗಳು ಬೇರೆಬೇರೆ ಹೇಳಿದರೆ ನಡುವಿನದನ್ನು ನಂಬುವುದು ನ್ಯಾಯವೆಂದೇ ತೋರುತ್ತದೆ. ಆದರೆ ಈ ಇಬ್ಬರಲ್ಲಿ ಒಬ್ಬ ಸಾಕ್ಷಿ ಮೀನು ಎಲ್ಲೆಲ್ಲಿದೆ ಎಂದು ನೋಡಲು ಹೋದವನಲ್ಲ. ಮೀನು ಇರುವಲ್ಲಿಗೇ ಹೋದವನು. ಟ್ರಾಲರಿನ ಕ್ಯಾಪ್ಟನ್ ಬರಿ ನೀರಿನಲ್ಲಿ ಡೀಸೆಲ್ ಸುಡುವುದಿಲ್ಲ. ಅವನ ಬಳಿ ಸೋನಾರ್ ಇದೆ, ಹಿಂದಿನ ವರ್ಷಗಳ ನೆನಪಿದೆ, ರೇಡಿಯೋದಲ್ಲಿ ಜೊತೆಗಾರರ ಮಾತಿದೆ. ಕಾಡ್ ಕಡಿಮೆಯಾದಂತೆ ಉಳಿದವು ಕೆಲವೇ ಜಾಗಗಳಲ್ಲಿ ಗುಂಪುಗೂಡಿದವು. ಹಡಗುಗಳು ಆ ಗುಂಪುಗಳನ್ನೇ ಹುಡುಕಿಕೊಂಡು ಹೋದವು. ಹಾಗಾಗಿ ಕಡಲಿನಲ್ಲಿ ಮೀನು ಅರ್ಧಕ್ಕಿಳಿದರೂ ಗಂಟೆಗೆ ಸಿಗುವ ಮೀನು ಇಳಿಯಲಿಲ್ಲ. ಅಂಕಿ ಸುಳ್ಳು ಹೇಳಿರಲಿಲ್ಲ. ಹಿಡಿಯುವವರ ಜಾಣತನವನ್ನು ಅದು ಸರಿಯಾಗಿಯೇ ಅಳೆಯುತ್ತಿತ್ತು. ನಾವು ಅದನ್ನು ಮೀನಿನ ಸಂಖ್ಯೆ ಎಂದು ಓದಿಕೊಂಡೆವು, ಅಷ್ಟೆ.

ತೀರದ ಹತ್ತಿರ ಸಣ್ಣ ದೋಣಿಗಳಲ್ಲಿ, ನಿಂತಲ್ಲೇ ನಿಲ್ಲುವ ಬಲೆ ಹಾಕಿ ಮೀನಿಗಾಗಿ ಕಾಯುತ್ತಿದ್ದವರಿಗೆ ಬೇರೆಯೇ ಸುದ್ದಿ ಗೊತ್ತಿತ್ತು. ಅವರ ಬಲೆ ಮೀನನ್ನು ಬೆನ್ನಟ್ಟುವುದಿಲ್ಲ. ಮೀನು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗೆ ನೋಡಿದರೆ ಅವರ ಖಾಲಿ ಬಲೆಯೇ ಟ್ರಾಲರಿಗಿಂತ ಒಳ್ಳೆಯ ಉಪಕರಣವಾಗಿತ್ತು. ಮೀನು ಬರುತ್ತಿಲ್ಲ, ಬಂದವೂ ಸಣ್ಣವು ಎಂದು ಅವರು ಹೇಳುತ್ತಲೇ ಇದ್ದರು. 1986ರಲ್ಲಿ ಅವರ ಸಂಘವೇ ಮೆಮೋರಿಯಲ್ ವಿಶ್ವವಿದ್ಯಾಲಯದ ಜೀವವಿಜ್ಞಾನಿಗಳಿಂದ ಮರುಲೆಕ್ಕ ಮಾಡಿಸಿತು. ಸರ್ಕಾರ ಮೀನಿನ ಸಂಗ್ರಹವನ್ನು ಅತಿಯಾಗಿ ಅಂದಾಜು ಮಾಡಿದೆ ಎಂದು ಆ ವರದಿ ಹೇಳಿತು. ವರದಿಗೆ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೆ.

1989ಕ್ಕೆ ವಿಜ್ಞಾನಿಗಳಿಗೇ ಗಾಬರಿಯಾಯಿತು. ಹಿಂದಿನ ವರ್ಷದ 2.66 ಲಕ್ಷ ಟನ್ ಮಿತಿಯನ್ನು 1.25 ಲಕ್ಷಕ್ಕೆ ಇಳಿಸಿ ಎಂದರು. ಮೀನುಗಾರಿಕೆ ಸಚಿವರು 2.35 ಲಕ್ಷ ಟನ್ ನಿಗದಿ ಮಾಡಿದರು. ಅರ್ಧಕ್ಕೆ ಇಳಿಸಿದರೆ ಮೀನು ಕಾರ್ಖಾನೆಗಳು ಮುಚ್ಚುತ್ತವೆ, ಊರುಗಳು ಬರಿದಾಗುತ್ತವೆ ಎಂಬುದು ವಾದ. ಮೂರೇ ವರ್ಷ ಕಳೆಯಿತು. 1992ರ ಜುಲೈ 2ರಂದು ಆಗಿನ ಸಚಿವ ಜಾನ್ ಕ್ರಾಸ್ಬಿ ಉತ್ತರದ ಕಾಡ್ ಹಿಡಿಯುವುದನ್ನೇ ನಿಷೇಧಿಸಿದರು. ಸುಮಾರು 30,000 ಜನರ ಕೆಲಸ ಒಂದೇ ಏಟಿಗೆ ಹೋಯಿತು. 1968ರಲ್ಲಿ 8 ಲಕ್ಷ ಟನ್ನಿಗೂ ಮಿಕ್ಕಿ ಮೀನು ಕೊಟ್ಟಿದ್ದ ಕಡಲು ಅದು. ಎರಡು ವರ್ಷಕ್ಕೆಂದು ಹಾಕಿದ ನಿಷೇಧ ಮೂರು ದಶಕ ದಾಟಿತು. 2024ರಲ್ಲಿ 18,000 ಟನ್ನಿನ ಮಿತಿಯೊಂದಿಗೆ ಮತ್ತೆ ಬಾಗಿಲು ತೆರೆದಾಗಲೂ ವಿಜ್ಞಾನಿಗಳಲ್ಲಿ ಒಮ್ಮತವಿರಲಿಲ್ಲ. ನಡುವೆ ಒಂದು ವಿಚಿತ್ರ ನಡೆಯಿತು. ಕಾಡ್ ಇಲ್ಲದ ನೀರಿನಲ್ಲಿ ಏಡಿ, ಸಿಗಡಿ ಹೆಚ್ಚಿ, ನ್ಯೂಫೌಂಡ್‌ಲ್ಯಾಂಡಿನ ಮೀನುಗಾರಿಕೆಯ ಒಟ್ಟು ಹಣ ಮೊದಲಿಗಿಂತ ಜಾಸ್ತಿಯೇ ಆಯಿತು. ಆದರೆ ಆ ಹಣ ಸೇರಿದ್ದು ಕಡಿಮೆ ಜನರ ಕೈಗೆ. ಕೆಲಸ ಕಳೆದುಕೊಂಡವರಲ್ಲಿ ಬಹಳ ಮಂದಿ ಊರು ಬಿಟ್ಟಿದ್ದರು.

ಈ ಅನಾಹುತದ ಮೂಲಲೆಕ್ಕವನ್ನು ಒಬ್ಬ ಕೆನಡಾದವನೇ ನಿಷೇಧಕ್ಕೆ 38 ವರ್ಷ ಮೊದಲು ಬರೆದಿಟ್ಟಿದ್ದ ಎಂಬುದು ಈ ಕತೆಯ ವ್ಯಂಗ್ಯ. ಸ್ಕಾಟ್ ಗಾರ್ಡನ್ ಎಂಬ ಅರ್ಥಶಾಸ್ತ್ರಜ್ಞ 1954ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅವನ ಪ್ರಶ್ನೆ ಸರಳ: ಇಷ್ಟು ಸಂಪತ್ತಿನ ಕಡಲಿದ್ದೂ ಮೀನುಗಾರರೇಕೆ ಬಡವರು? ಉತ್ತರವನ್ನು ಒಂದು ಕಲ್ಪಿತ ಬಂದರಿನ ಲೆಕ್ಕದಲ್ಲಿ ನೋಡೋಣ; ಅಂಕಿಗಳು ನನ್ನವು, ತರ್ಕ ಅವನದು.

ನಮ್ಮ ಬಂದರಿನಲ್ಲಿ ಒಂದು ದೋಣಿಯ ವರ್ಷದ ಖರ್ಚು 10 ಲಕ್ಷ ರೂಪಾಯಿ. ಡೀಸೆಲ್, ಐಸು, ಬಲೆ, ಕೆಲಸದವರ ಪಾಲು, ಮಾಲೀಕನ ಸಾಧಾರಣ ಗಳಿಕೆ ಎಲ್ಲ ಅದರಲ್ಲೇ ಬಂತು. ಒಂದೇ ದೋಣಿ ಇದ್ದರೆ ಅದು ಹೆಚ್ಚುಕಡಿಮೆ 30 ಲಕ್ಷದ ಮೀನು ತರುತ್ತದೆ. ಪ್ರತಿ ಹೊಸ ದೋಣಿ ಇಳಿದಾಗಲೂ ಕಡಲಿನಲ್ಲಿ ಉಳಿಯುವ ಮೀನು ಕಡಿಮೆಯಾಗಿ, ಎಲ್ಲ ದೋಣಿಗಳ ಗಳಿಕೆ ತಲಾ 20 ಸಾವಿರದಷ್ಟು ಇಳಿಯುತ್ತದೆ ಎಂದುಕೊಳ್ಳಿ. ಹೊಸಬ ಎಷ್ಟರವರೆಗೆ ದೋಣಿ ಇಳಿಸುತ್ತಾನೆ? ತನ್ನ ಖರ್ಚು ಹುಟ್ಟುವವರೆಗೆ. ಬೇರೆಯವರಿಗೆ ತಲಾ 20 ಸಾವಿರ ಕಡಿಮೆಯಾಯಿತು ಎಂಬುದು ಅವನ ಪುಸ್ತಕದಲ್ಲಿ ಬರುವ ಬಾಬತ್ತಲ್ಲ. ಹೀಗೆ ದೋಣಿಗಳು 100 ಆಗುತ್ತವೆ. ಆಗ ತಲಾ ಗಳಿಕೆ 10 ಲಕ್ಷ, ಖರ್ಚು 10 ಲಕ್ಷ. ಇಡೀ ಬಂದರು ವರ್ಷಕ್ಕೆ 10 ಕೋಟಿಯ ಮೀನು ತಂದು 10 ಕೋಟಿ ಖರ್ಚು ಮಾಡುತ್ತದೆ. ಲಾಭ ಸೊನ್ನೆ.

ಈಗ ಅದೇ ಬಂದರಿನಲ್ಲಿ 50 ದೋಣಿಗಳಿದ್ದರೆ? ತಲಾ ಗಳಿಕೆ 20 ಲಕ್ಷ. ಒಟ್ಟು ಆಗಲೂ 10 ಕೋಟಿ. ಅಷ್ಟೇ ಮೀನು, ಖರ್ಚು ಮಾತ್ರ 5 ಕೋಟಿ. ಉಳಿದ 50 ದೋಣಿಗಳು ಹೊಸ ಮೀನು ಒಂದನ್ನೂ ತರಲಿಲ್ಲ. 5 ಕೋಟಿ ರೂಪಾಯಿಯನ್ನು ಡೀಸೆಲ್ಲಿನ ಹೊಗೆ ಮಾಡಿದವು.

ಸರ್ಕಾರ ಕನಿಕರಪಟ್ಟು ದೋಣಿಯೊಂದಕ್ಕೆ 2 ಲಕ್ಷದ ಡೀಸೆಲ್ ಸಬ್ಸಿಡಿ ಕೊಟ್ಟಿತು ಅನ್ನಿ. ಖರ್ಚು 8 ಲಕ್ಷಕ್ಕಿಳಿಯಿತು. ಒಂದೆರಡು ವರ್ಷ ಎಲ್ಲರಿಗೂ ಹಿತ. ಆಮೇಲೆ ಹೊಸ ದೋಣಿಗಳು ಇಳಿದು 110 ಆಗುತ್ತವೆ, ಮತ್ತೆ ಲಾಭ ಸೊನ್ನೆ. ಒಟ್ಟು ಮೀನು 8.8 ಕೋಟಿಗೆ ಕುಸಿಯುತ್ತದೆ. ಬೊಕ್ಕಸದಿಂದ 2.2 ಕೋಟಿ ಹೋಗಿ, ಕಡಲಿನಿಂದ ಬರುವುದು 1.2 ಕೋಟಿ ಕಡಿಮೆಯಾಯಿತು. ನಿಜವಾದ ಕಡಲು ಇಷ್ಟು ಅಚ್ಚುಕಟ್ಟಾದ ಸರಳರೇಖೆಯಲ್ಲ, ಒಪ್ಪಿದೆ. ಆದರೆ ಲೆಕ್ಕದ ದಿಕ್ಕು ಸುಳ್ಳಲ್ಲ. ಮೀನುಗಾರಿಕೆಯನ್ನು ಸರಿಯಾಗಿ ನಿಭಾಯಿಸದ ಕಾರಣ 2012ರಲ್ಲಿ ಜಗತ್ತು ಕಳೆದುಕೊಂಡ ಲಾಭ ಸುಮಾರು 83 ಶತಕೋಟಿ ಡಾಲರ್ ಎಂದು ವಿಶ್ವಬ್ಯಾಂಕ್ 2017ರಲ್ಲಿ ಅಂದಾಜು ಮಾಡಿತು. ಯಾವ ದೇಶಕ್ಕೂ ಸೇರದ ದೂರದ ಕಡಲಿನಲ್ಲಿ ಈಗ ಮೀನು ಹಿಡಿಯುವ ಜಾಗಗಳ ಪೈಕಿ ಶೇ. 54ರಷ್ಟು ಸಬ್ಸಿಡಿ ಇಲ್ಲದಿದ್ದರೆ ನಷ್ಟದ ಬಾಬತ್ತು ಎಂದು 2018ರ ಒಂದು ಅಧ್ಯಯನ ತೋರಿಸಿತು.

ಹಾಗಾದರೆ ದೋಣಿ ಕಡಿಮೆ ಮಾಡಿದರಾಯಿತಲ್ಲ? ಹೇಗೆ ಕಡಿಮೆ ಮಾಡಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಲಾಸ್ಕಾದ ಹ್ಯಾಲಿಬಟ್ ಮೀನಿಗೆ ಒಟ್ಟು ಮಿತಿ ಮಾತ್ರ ಇತ್ತು, ಯಾರಿಗೆಷ್ಟು ಎಂದಿರಲಿಲ್ಲ. ಮಿತಿ ಮುಗಿಯುವ ಮೊದಲೇ ಬಾಚಿಕೊಳ್ಳಲು ಎಲ್ಲರೂ ಓಡಿದರು. 1990ರ ದಶಕದ ಆರಂಭಕ್ಕೆ ಮುಖ್ಯ ಪ್ರದೇಶಗಳಲ್ಲಿ ವರ್ಷಕ್ಕೆ ಎರಡು ಮೂರು ದಿನವಷ್ಟೇ ಮೀನು ಹಿಡಿಯುವ ಸ್ಥಿತಿ ಬಂತು. ಬಿರುಗಾಳಿ ಇದ್ದರೂ ಆ ದಿನಗಳನ್ನು ಬಿಡುವಂತಿಲ್ಲ. ವರ್ಷದ ಮೀನೆಲ್ಲ ಎರಡು ಮೂರು ದಿನದಲ್ಲೇ ದಡಕ್ಕೆ ಬಿದ್ದರೆ ಬೆಲೆಯೂ ಬೀಳುತ್ತದೆ. 1995ರಲ್ಲಿ ಒಟ್ಟು ಮಿತಿಯನ್ನು ಪಾಲು ಮಾಡಿ, ಪಾಲನ್ನು ಮಾರಲು ಕೊಳ್ಳಲು ಅವಕಾಶ ಕೊಟ್ಟರು. ಹಂಗಾಮು ಎಂಟು ತಿಂಗಳಿಗೆ ಹಿಗ್ಗಿತು, ತಾಜಾ ಮೀನಿಗೆ ಒಳ್ಳೆಯ ಬೆಲೆ ಬಂತು. ಅರ್ಥಶಾಸ್ತ್ರಜ್ಞರು ಈ ಭಾಗವನ್ನು ಬಹಳ ಖುಷಿಯಿಂದ ಹೇಳುತ್ತಾರೆ. ಉಳಿದದ್ದನ್ನು ದನಿ ತಗ್ಗಿಸಿ ಹೇಳುತ್ತಾರೆ: ಪಾಲನ್ನು ಪುಕ್ಕಟೆಯಾಗಿ ಕೊಟ್ಟದ್ದು ಹಳೆಯ ದೋಣಿ ಮಾಲೀಕರಿಗೆ, ದೋಣಿಯಲ್ಲಿ ದುಡಿದವರಿಗೆ ಏನೂ ಸಿಗಲಿಲ್ಲ, ದೂರದ ಮೂಲನಿವಾಸಿ ಹಳ್ಳಿಗಳವರು ಕಷ್ಟಕ್ಕೆ ಪಾಲು ಮಾರಿಕೊಂಡು, ತಮ್ಮದೇ ಕೊಲ್ಲಿಯಲ್ಲಿ ಮೀನು ಹಿಡಿಯುವ ಹಕ್ಕು ಕಳೆದುಕೊಂಡರು. ಮೀನು ಉಳಿಯಿತು, ಮೀನುಗಾರರಲ್ಲಿ ಹಲವರು ಉಳಿಯಲಿಲ್ಲ. ಇದನ್ನು ಯಶಸ್ಸು ಅನ್ನುವುದಾದರೆ ಯಾರ ಯಶಸ್ಸು ಎಂದೂ ಕೇಳಬೇಕಾಗುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸುವ ಪ್ರಯೋಗ ಪೆಸಿಫಿಕ್ ಸಾಗರದ್ದು. ನೌರು, ಕಿರಿಬಾಟಿ, ಟುವಾಲು, ಮಾರ್ಷಲ್ ದ್ವೀಪಗಳು, ಪಲಾವ್, ಮೈಕ್ರೋನೇಶ್ಯಾ, ಸಾಲೊಮನ್ ದ್ವೀಪಗಳು, ಪಪುವಾ ನ್ಯೂಗಿನಿ: ಎಂಟು ದೇಶಗಳು. ಕೆಲವು ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಆದರೆ ಅವುಗಳ ಕಡಲಿನಲ್ಲಿ ಜಗತ್ತಿನ ಸ್ಕಿಪ್‌ಜಾಕ್ ಟ್ಯೂನಾದ ಹೆಚ್ಚುಕಡಿಮೆ ಅರ್ಧ ಸಿಗುತ್ತದೆ. ಹಿಂದೆ ದೂರದೇಶದ ಹಡಗುಗಳು ಒಂದೊಂದು ದ್ವೀಪದ ಜೊತೆ ಬೇರೆಬೇರೆಯಾಗಿ ಚೌಕಾಸಿ ಮಾಡಿ, ಚಿಲ್ಲರೆ ಕಾಸಿಗೆ ಪರವಾನಗಿ ಪಡೆಯುತ್ತಿದ್ದವು. 2007ರ ಕೊನೆಯಿಂದ ಈ ಎಂಟೂ ಸೇರಿ ಮೀನನ್ನಲ್ಲ, ದಿನವನ್ನು ಮಾರತೊಡಗಿದವು. ಒಟ್ಟು ಇಷ್ಟು ‘ಹಡಗು-ದಿನ’ ಮಾತ್ರ ಎಂದು ಮೊದಲೇ ಗೊತ್ತುಮಾಡಿ, ತಮ್ಮಲ್ಲಿ ಹಂಚಿಕೊಂಡು, ಕನಿಷ್ಠ ಬೆಲೆ ಕಟ್ಟಿದವು. ಆ ಬೆಲೆ 2015ಕ್ಕೆ ದಿನಕ್ಕೆ 8,000 ಡಾಲರ್ ಮುಟ್ಟಿತು. 2010ರಲ್ಲಿ ಸುಮಾರು 6 ಕೋಟಿ ಡಾಲರ್ ಇದ್ದ ಎಂಟೂ ದೇಶಗಳ ಟ್ಯೂನಾ ವರಮಾನ ಕೆಲವೇ ವರ್ಷಗಳಲ್ಲಿ 50 ಕೋಟಿಯ ಆಸುಪಾಸಿಗೆ ಏರಿತು.

ಇಲ್ಲಿ ದತ್ತಾಂಶದ ಕೆಲಸ ನೋಡಿ. ಟನ್ ಎಣಿಸಬೇಕಾದರೆ ಪ್ರತಿ ಹಡಗಿನ ಹೊಟ್ಟೆಯೊಳಗೆ ಇಣುಕಬೇಕು. ದಿನ ಎಣಿಸಲು ಹಡಗು ಎಲ್ಲಿದೆ ಎಂದು ಗೊತ್ತಾದರೆ ಸಾಕು. ಅದನ್ನು ಹಡಗಿಗೆ ಕಟ್ಟಿದ ಉಪಗ್ರಹ ಯಂತ್ರವೇ ಹೇಳುತ್ತದೆ. ಬಡ ಸರ್ಕಾರವೂ ನಡೆಸಬಹುದಾದ ಲೆಕ್ಕ. ಎಲ್ ನಿನೋ ಬಂದಾಗ ಬೆಚ್ಚನೆಯ ನೀರಿನ ಜೊತೆ ಟ್ಯೂನಾ ಪೂರ್ವಕ್ಕೆ ಸರಿಯುತ್ತದೆ. ಆಗ ಪಶ್ಚಿಮದ ದೇಶ ತನ್ನ ಪಾಲಿನ ದಿನಗಳನ್ನು ಪೂರ್ವದ ದೇಶಕ್ಕೆ ಮಾರಿ ಹಣ ಮಾಡಿಕೊಳ್ಳಬಹುದು. ಮೀನು ಗಡಿ ದಾಟಿದರೂ ಜಗಳವಿಲ್ಲ. ಆದರೆ ದಿನವನ್ನು ಮಾರಿದರೆ ಕೊಂಡವನು ದಿನವನ್ನು ಹಿಗ್ಗಿಸಲು ನೋಡುತ್ತಾನೆ. ದೊಡ್ಡ ಹಡಗು ತರುತ್ತಾನೆ. ಅದಕ್ಕೇ 80 ಮೀಟರಿಗಿಂತ ಉದ್ದದ ಹಡಗಿನ ಒಂದು ದಿನವನ್ನು ಒಂದೂವರೆ ದಿನವೆಂದು ಹಿಡಿಯುತ್ತಾರೆ. ಅವನು ನೀರಿನ ಮೇಲೆ ಸೋನಾರ್ ಕಟ್ಟಿದ ತೇಲುಬುರುಡೆಗಳನ್ನು ಬಿಟ್ಟು, ಯಾವುದರ ಕೆಳಗೆ ಮೀನು ನೆರೆದಿದೆ ಎಂದು ಹಡಗಿನಲ್ಲೇ ಕುಳಿತು ತಿಳಿಯುತ್ತಾನೆ. ಒಂದು ದಿನ ಎಂಬುದು ಹತ್ತು ವರ್ಷದ ಹಿಂದಿನ ಒಂದು ದಿನವಾಗಿ ಉಳಿಯುವುದಿಲ್ಲ. ನ್ಯೂಫೌಂಡ್‌ಲ್ಯಾಂಡಿನ ಟ್ರಾಲರಿನ ಗಂಟೆಗೂ ಇದೇ ರೋಗವಿತ್ತು.

ಹಡಗುಗಳ ಚಲನೆಯನ್ನು ಇಡೀ ಭೂಮಿಯ ಮಟ್ಟದಲ್ಲಿ ಓದಿದವರೂ ಇದ್ದಾರೆ. ಗ್ಲೋಬಲ್ ಫಿಶಿಂಗ್ ವಾಚ್ ಸಂಸ್ಥೆಯ ತಂಡ 2012ರಿಂದ 2016ರವರೆಗೆ ಹಡಗುಗಳು ತಾವಿರುವ ಜಾಗ ತಿಳಿಸಲು ಹೊರಡಿಸಿದ 2,200 ಕೋಟಿ ಸಂಕೇತಗಳನ್ನು ಕಂಪ್ಯೂಟರಿಗೆ ಉಣಿಸಿತು. ಟ್ರಾಲರು ಬಲೆ ಎಳೆಯುವಾಗ ನಿಧಾನವಾಗಿ ಸುತ್ತಿಬಳಸಿ ಸಾಗುತ್ತದೆ, ಬಂದರಿಗೆ ಹೊರಟಾಗ ನೇರ ಗೆರೆ ಎಳೆದಂತೆ ಹೋಗುತ್ತದೆ. ಈ ಗುರುತುಗಳನ್ನು ಕಲಿತ ಕಂಪ್ಯೂಟರ್ 70,000ಕ್ಕೂ ಹೆಚ್ಚು ಹಡಗುಗಳ ಪೈಕಿ ಯಾವುದು ಎಲ್ಲಿ, ಯಾವಾಗ ಮೀನು ಹಿಡಿಯುತ್ತಿತ್ತು ಎಂದು ವಿಂಗಡಿಸಿತು. 2018ರಲ್ಲಿ ಬಂದ ಫಲಿತಾಂಶದ ತಮಾಷೆ ಎಂದರೆ, ನಕಾಶೆಯಲ್ಲಿ ಎದ್ದು ಕಂಡದ್ದು ಮೀನಿನ ವಲಸೆಯಲ್ಲ. ಚೀನೀ ಹೊಸವರ್ಷ, ಪಶ್ಚಿಮದ ದೇಶಗಳ ಕ್ರಿಸ್‌ಮಸ್, ವಾರದ ರಜೆ, ಚೀನಾದ ಬೇಸಿಗೆ ನಿಷೇಧ. ಮೀನುಗಾರಿಕೆಯ ದತ್ತಾಂಶದಲ್ಲಿ ಮೀನಿಗಿಂತ ಮನುಷ್ಯನೇ ಹೆಚ್ಚು ಇರುತ್ತಾನೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದೂ ಅದನ್ನೇ.

ಆ ನಕಾಶೆಗೂ ಕುರುಡು ಮೂಲೆಗಳಿವೆ. ಸಂಕೇತ ಹೊರಡಿಸದ ಹಡಗು ಅದರಲ್ಲಿ ಇಲ್ಲವೇ ಇಲ್ಲ. ಅದೇ ಸಂಸ್ಥೆಯವರು ರಾಡಾರ್ ಉಪಗ್ರಹದ ಚಿತ್ರಗಳನ್ನು ತಾಳೆ ಹಾಕಿ 2024ರಲ್ಲಿ ಹೇಳಿದ್ದು: ಕೈಗಾರಿಕಾ ಮೀನುಹಡಗುಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಸಾರ್ವಜನಿಕ ಲೆಕ್ಕಕ್ಕೆ ಸಿಗುವುದಿಲ್ಲ. ಅಂಥವು ಹೆಚ್ಚಾಗಿ ಕಂಡದ್ದು ಆಫ್ರಿಕಾದ ಸುತ್ತ ಮತ್ತು ನಮ್ಮ ದಕ್ಷಿಣ ಏಷ್ಯಾದಲ್ಲಿ. ಮರದ ಸಣ್ಣ ದೋಣಿಗಳಂತೂ ರಾಡಾರಿಗೂ ಕಾಣುವುದಿಲ್ಲ.

ನಮ್ಮ ಕರಾವಳಿಯಲ್ಲಿ ಲೆಕ್ಕ ಹುಟ್ಟುವುದು ಹಡಗಿನಲ್ಲಲ್ಲ, ದಕ್ಕೆಯಲ್ಲಿ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಗೊತ್ತಾದ ದಿನ ಗೊತ್ತಾದ ಬಂದರಿಗೆ ಬಂದು, ಮೀನು ಇಳಿಸುವ ದೋಣಿಗಳಲ್ಲಿ ಕೆಲವನ್ನು ಆಯ್ದು, ಯಾವ ಜಾತಿ ಎಷ್ಟು ಎಂದು ಬರೆದುಕೊಂಡು, ಅದರಿಂದ ಇಡೀ ತೀರದ ಲೆಕ್ಕ ಕಟ್ಟುತ್ತಾರೆ. ದಶಕಗಳಿಂದ ನಡೆದುಬಂದಿರುವ ಈ ಮಾದರಿ ಸಮೀಕ್ಷೆ ಉಷ್ಣವಲಯದ ದೇಶಗಳಲ್ಲಿ ಅಪರೂಪದ್ದು. ಅದರಿಂದಲೇ ಗೊತ್ತಾದ ಸಂಗತಿ: ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ, 2021ರಲ್ಲಿ ಸಿಕ್ಕಿದ್ದು 3,297 ಟನ್. ಇದಕ್ಕೆ ಬಲೆಯೊಂದೇ ಕಾರಣವಲ್ಲ. ಎರಡು ಎರಡೂವರೆ ವರ್ಷ ಬದುಕುವ ಈ ಮೀನು ಮಳೆ, ಬಿಸಿ, ಎಲ್ ನಿನೋ ಎಲ್ಲಕ್ಕೂ ಕುಣಿಯುತ್ತದೆ; 1940ರ ದಶಕದಲ್ಲೂ ಹೀಗೆಯೇ ಮಾಯವಾಗಿ, ಆಗಿನ ಮದರಾಸು ಸರ್ಕಾರ ಅದನ್ನು ಹಿಡಿಯುವುದಕ್ಕೆ ಕಟ್ಟುಪಾಡು ಹಾಕಿತ್ತು. ಪ್ರಕೃತಿ ಇಳಿಸಿದ ಹೊತ್ತಿನಲ್ಲಿ ಮನುಷ್ಯನೂ ಬಾಚಿದರೆ ಮತ್ತೆ ಏರುವುದು ನಿಧಾನವಾಗುತ್ತದೆ ಎಂಬಷ್ಟು ಖಚಿತ.

ಕಾಡ್ ಅಥವಾ ಹ್ಯಾಲಿಬಟ್ಟಿನಂತೆ ಮಲ್ಪೆಯ ಟ್ರಾಲ್‌ಬೋಟಿಗೆ ಪಾಲು ಹಂಚುವುದು ಆಗದ ಮಾತು. ಒಂದೇ ಬಲೆಗೆ ಬಂಗುಡೆ, ಪಾಂಬೋಲ್, ಬೊಂಡಾಸ್, ಸಿಗಡಿ, ಹೆಸರಿಲ್ಲದ ಹತ್ತಾರು ಪುಡಿಮೀನು ಬೀಳುತ್ತವೆ. ಬೋಟು ವಾರಗಟ್ಟಲೆ ಕಡಲಿನಲ್ಲಿದ್ದು, ಬೇರೆ ರಾಜ್ಯಗಳ ಎದುರಿನ ಆಳನೀರಿಗೂ ಹೋಗಿ ಬರುತ್ತದೆ. ಮಲ್ಪೆಯಲ್ಲಿ ಇಳಿದ ಮೀನು ಮಲ್ಪೆಯ ಕಡಲಿನದಾಗಿರಬೇಕಿಲ್ಲ. ಹಿಂದೆ ಊರೂರಿನವರು ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಮೀನು ದಡದ ಹತ್ತಿರ ಬರುವುದನ್ನು ಕಾಯುವ ಉಪಕರಣವಾಗಿತ್ತು. 1970ರ ದಶಕದ ನಡುವಿನಿಂದ ಪರ್ಸೀನ್ ಬೋಟುಗಳು ಬಂದು ಮೀನನ್ನು ನಡುಕಡಲಿನಲ್ಲೇ ಸುತ್ತುವರಿದ ಮೇಲೆ ಆ ಅಳತೆಗೋಲೂ ಹೋಯಿತು. ಈಗ ನಮ್ಮಲ್ಲಿರುವ ಮುಖ್ಯ ನಿಯಮ ದಿನಗಳದ್ದೇ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಯುವಂತಿಲ್ಲ. ಹಾಗೆ ಉಳಿಸಿದ್ದನ್ನು ಆಗಸ್ಟಿನಲ್ಲಿ ಹೆಚ್ಚು ಅಶ್ವಶಕ್ತಿಯ ಎಂಜಿನ್ನು ತಿಂದುಹಾಕಬಹುದು. ಬೆಳಕು ಹಾಯಿಸಿ ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ ಮೇಲೂ ನಾಡದೋಣಿಯವರು ಅದೇ ದೂರು ಹಿಡಿದು ಬೀದಿಗಿಳಿಯುವುದು ನಿಂತಿಲ್ಲ.

ಮಾಹಿತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೊಂದಿದೆ. ಅದಕ್ಕೆ ಕಾಸರಗೋಡು, ಕಣ್ಣೂರು, ಕೋಝಿಕ್ಕೋಡಿನ ಒಂದು ಹೆಸರಾಂತ ಅಧ್ಯಯನ ಆಧಾರ. 1997ರಿಂದ 2001ರ ನಡುವೆ ಅಲ್ಲಿ ಮೊಬೈಲ್ ಫೋನ್ ಬಂದಾಗ, ಕಡಲಿನಿಂದಲೇ ಯಾವ ದಡದಲ್ಲಿ ಏನು ಬೆಲೆ ಎಂದು ಕೇಳಿಕೊಂಡು ದೋಣಿ ತಿರುಗಿಸುವುದು ಸಾಧ್ಯವಾಯಿತು. ಕೊಳ್ಳುವವರಿಲ್ಲದೆ ಬೂತಾಯಿ ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ತೋರಿಸಿದ. ಸೊಗಸಾದ ಫಲಿತಾಂಶ. ಆದರೆ ಅದು ಸರಿಪಡಿಸಿದ್ದು ಮಾರುಕಟ್ಟೆಯನ್ನು. ಕಡಲಿಗೆ ಫೋನ್ ಇರಲಿಲ್ಲ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿ ಮತ್ತು ಪಾಚಿಯ ಬಣ್ಣ ನೋಡಿ, ಇಂದು ಮೀನು ಇಂಥ ಕಡೆ ಇರಬಹುದು ಎಂಬ ಸೂಚನೆಯನ್ನು ಪುಕ್ಕಟೆಯಾಗಿ ಕೊಡುತ್ತದೆ, ಕನ್ನಡದಲ್ಲೂ ಬರುತ್ತದೆ. ಹುಡುಕಾಟ ತಗ್ಗುತ್ತದೆ, ಡೀಸೆಲ್ ಉಳಿಯುತ್ತದೆ. ಗಾರ್ಡನ್ನನ ಲೆಕ್ಕಕ್ಕೆ ಇದನ್ನು ಹಾಕಿ ನೋಡಿದರೆ ಏನಾಗುತ್ತದೆ? ದೋಣಿಯ ಖರ್ಚು ಇಳಿಯುತ್ತದೆ. ಬಾಗಿಲು ತೆರೆದೇ ಇರುವ ಬಂದರಿನಲ್ಲಿ ಖರ್ಚು ಇಳಿದರೆ ದೋಣಿ ಹೆಚ್ಚುತ್ತದೆ. ಸರ್ಕಾರ ಡೀಸೆಲ್ ಸಬ್ಸಿಡಿಯನ್ನು ಉಪಗ್ರಹದ ಮೂಲಕ ಕೊಟ್ಟಂತಾಯಿತು. ಸೂಚನೆ ನಿಲ್ಲಿಸಬೇಕು ಎಂದಲ್ಲ. ಬಡ ದೋಣಿಯವನ ಒಂದು ದಿನದ ಡೀಸೆಲ್ ಉಳಿಯುವುದು ಸಣ್ಣ ಸಂಗತಿಯಲ್ಲ. ಆದರೆ ಎಲ್ಲಿ ಹಿಡಿಯಬೇಕು ಎನ್ನುವ ನಕಾಶೆ ಇದ್ದ ಮೇಲೆ ಎಲ್ಲಿ ಹಿಡಿಯಬಾರದು ಎನ್ನುವ ನಕಾಶೆಯೂ ಅದೇ ದತ್ತಾಂಶದಿಂದ ಬರಬಹುದಲ್ಲ?

ಹವಾಯಿಯಲ್ಲಿ ಅಂಥದ್ದೊಂದು ಬಂದಿತ್ತು. ಕತ್ತಿಮೂತಿಯ ಸ್ವೋರ್ಡ್‌ಫಿಶ್ ಹಿಡಿಯುವ ಗಾಳಗಳಿಗೆ ಕಡಲಾಮೆಗಳೂ ಸಿಕ್ಕಿಬೀಳುತ್ತಿದ್ದವು. 2004ರಲ್ಲಿ ಒಂದು ಕಟ್ಟುನಿಟ್ಟು ಬಂತು: ಪ್ರತಿ ಹಡಗಿನಲ್ಲೂ ವೀಕ್ಷಕರಿರಬೇಕು, ಇಡೀ ಪಡೆಗೆ ಸೇರಿ ವರ್ಷಕ್ಕೆ 17 ಲಾಗರ್‌ಹೆಡ್ ಆಮೆ ಸಿಕ್ಕರೆ ಆ ವರ್ಷದ ಮೀನುಗಾರಿಕೆಯೇ ಬಂದ್, ಇದು ಆಗಿನ ನಿಯಮ. 2006ರಲ್ಲಿ ಮಾರ್ಚ್ ತಿಂಗಳಿಗೇ ಹದಿನೇಳು ತುಂಬಿ, ಎಲ್ಲ ಹಡಗೂ ನಿಂತವು. ಅದೇ ವರ್ಷ ಅಮೆರಿಕದ ಸಾಗರ ವಿಜ್ಞಾನಿಗಳು ಆಮೆ ಇಷ್ಟಪಡುವ ನೀರಿನ ಬಿಸಿಯನ್ನು ಉಪಗ್ರಹದಲ್ಲಿ ಗುರುತಿಸಿ, ದಿನದಿನವೂ ಬಿಟ್ಟುಹೋಗಬೇಕಾದ ಪಟ್ಟಿಯ ನಕಾಶೆ ಹೊರಡಿಸಿದರು. ಆ ನಕಾಶೆಗೆ ಬೆಲೆ ತಂದುಕೊಟ್ಟದ್ದು ಹದಿನೇಳು ಎಂಬ ಅಂಕಿ. ಒಬ್ಬನ ಗಾಳಕ್ಕೆ ಸಿಕ್ಕ ಆಮೆ ಎಲ್ಲರ ವರ್ಷವನ್ನು ಮುಗಿಸಬಹುದಾದ್ದರಿಂದ, ಬೇರೆಯವರಿಗಾಗುವ ನಷ್ಟ ಪ್ರತಿಯೊಬ್ಬನ ಪುಸ್ತಕದಲ್ಲೂ ಬಾಬತ್ತಾಗಿ ಬಂತು.

ನಮ್ಮಲ್ಲಿ ಆಮೆಯ ಜಾಗದಲ್ಲಿ ಮರಿಮೀನು ಇದೆ. 10 ಸೆಂಟಿಮೀಟರಿನ ಮೀನು 20ಕ್ಕೆ ಬೆಳೆದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ; ಮೀನುಹಿಟ್ಟಿನ ಕಾರ್ಖಾನೆಗೆ ಪುಡಿಬೆಲೆಗೆ ಹೋಗುವ ರಾಶಿ ಕೆಲವೇ ತಿಂಗಳಲ್ಲಿ ಊಟದ ಮೀನಿನ ಬೆಲೆ ತರಬಲ್ಲದು. 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ, 14ಕ್ಕಿಂತ ಸಣ್ಣ ಬಂಗುಡೆ ಹಿಡಿಯಬಾರದೆಂದು ಕೇರಳ ನಿಯಮ ಮಾಡಿದೆ. ಆದರೆ ಮರಿ ಬಲೆಗೆ ಬಿದ್ದ ಮೇಲೆ ಅಳತೆಪಟ್ಟಿ ಹಿಡಿದು ಪ್ರಯೋಜನವಿಲ್ಲ, ಅದು ಸತ್ತಾಗಿದೆ. ಮರಿ ನೆರೆದಿರುವ ನೀರು ಯಾವುದೆಂದು ಮೊದಲೇ ಗೊತ್ತಾಗಬೇಕು. ನಾರ್ವೆ ತನ್ನ ಬ್ಯಾರೆಂಟ್ಸ್ ಸಮುದ್ರದಲ್ಲಿ ದಶಕಗಳಿಂದ ಇದನ್ನೇ ಮಾಡುತ್ತಿದೆ: ಬಲೆಯಲ್ಲಿ ಮರಿಗಳ ಪ್ರಮಾಣ ಮಿತಿ ಮೀರಿದರೆ ಆ ಜಾಗ ಕೂಡಲೇ ಮುಚ್ಚುತ್ತದೆ, ದೊಡ್ಡವಾದ ಮೇಲೆ ತೆರೆಯುತ್ತದೆ. ಮಲ್ಪೆ, ಗಂಗೊಳ್ಳಿ, ಕಾರವಾರದ ತಾಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ಮರಿಗಳ ತಾಣ ಗೊತ್ತಿಲ್ಲದ ವಿಷಯವೇನಲ್ಲ. ಅವರು ಅದನ್ನು ಹೇಳಬೇಕಾದರೆ, ತಾವು ಬಿಟ್ಟ ಮರಿಯನ್ನು ಮಾರನೆಯ ದಿನ ಪಕ್ಕದ ಬೋಟು ಬಾಚುವುದಿಲ್ಲ ಎಂಬ ಖಾತರಿ ಬೇಕು. ಉಪಗ್ರಹವೂ ಲೆಕ್ಕಿಗರೂ ನಮ್ಮಲ್ಲಿ ಇದ್ದಾರೆ. ಆ ಖಾತರಿಯನ್ನು ಬರೆದುಕೊಡಬೇಕಾದದ್ದು ಬಂದರಿನ ಸಂಘಗಳು ಮತ್ತು ಮೀನುಗಾರಿಕೆ ಇಲಾಖೆ, ಅದೂ ನೆರೆರಾಜ್ಯಗಳವರ ಜೊತೆ ಒಟ್ಟಿಗೆ ಕುಳಿತು, ಏಕೆಂದರೆ ಬೂತಾಯಿಯ ಹಿಂಡು ಕೇರಳದ ಗಡಿಯ ತಲಪಾಡಿಯಲ್ಲಿ ನಿಂತು ಹಿಂದಿರುಗುವುದಿಲ್ಲ.